ಒಂದು ಪಾಯಿಂಟಿನ ಪುರಾಣ

ಬಸವೇಶ್ವರನಗರದ ಕೋರ್ಟಿನಲ್ಲಿ ಭಾನುವಾರದ ಆಟ ಮುಗಿಸಿ ಬೈಟು ಕಾಫಿಗೆ ನಿಲ್ಲುವ ನಮ್ಮ ಗುಂಪಿನಲ್ಲಿ ಒಂದು ಮೊಕದ್ದಮೆ ಇಪ್ಪತ್ತು ವರ್ಷದಿಂದ ನಡೆಯುತ್ತಲೇ ಇದೆ. ಉಸಿರು ಬಿಗಿಹಿಡಿಸುವ ಪ್ಲೇಆಫ್ ಮ್ಯಾಚು ಆಗಿನದೋ, ಈಗಿನದೋ? ಮಂಡಿ ಸವೆದವರೆಲ್ಲ ಆಗಿನ ಕಡೆ, ಮಂಡಿ ಗಟ್ಟಿಯಿರುವವರೆಲ್ಲ ಈಗಿನ ಕಡೆ. ವಾದ ಎಲ್ಲಿಂದ ಹೊರಟರೂ ಹಳಬರು ಕೊನೆಗೆ ಕರೆತರುವ ಸಾಕ್ಷಿ ಒಂದೇ: 1998ರ ಜೂನ್ 14, ಸಾಲ್ಟ್ ಲೇಕ್ ಸಿಟಿ, ಎನ್‌ಬಿಎ ಫೈನಲ್ಸ್‌ನ ಆರನೇ ಪಂದ್ಯ, ಮೈಕಲ್ ಜೋರ್ಡನ್‌ನ ಕೊನೆಯ ಶಾಟ್. ಅಲ್ಲಿಗೆ ಎದುರು ಪಕ್ಷದ ವಕೀಲರು ಕಡತ ಮಡಚುತ್ತಾರೆ. 2020ರ ಲಾಕ್‌ಡೌನಿನಲ್ಲಿ ಹತ್ತು ಕಂತುಗಳ ‘ದಿ ಲಾಸ್ಟ್ ಡ್ಯಾನ್ಸ್’ ಬಂದ ಮೇಲಂತೂ, ಆ ದಿನ ಹುಟ್ಟೇ ಇರದ ಹುಡುಗರಿಗೂ ಆ ಶಾಟ್ ಸ್ವಂತ ನೆನಪಾಗಿದೆ.

ಶಾಟಿನ ಮೇಲೆ ನನಗೆ ಮುನಿಸಿಲ್ಲ. ಅದಕ್ಕೆ ಕಟ್ಟಿದ ಪಟ್ಟ ಹೆಚ್ಚಾಯಿತು ಎಂಬುದಷ್ಟೇ ತಕರಾರು. ಈ ಹಳತು–ಹೊಸತಿನ ಹೋಲಿಕೆಯೇ ನಮ್ಮಲ್ಲಿ ಬಲು ಕೆಟ್ಟ ವಿಮರ್ಶೆಯಾಗಿ ಬೆಳೆದಿದೆ ಎಂಬ ದೊಡ್ಡ ತಕರಾರು ಅದರ ಬೆನ್ನಿಗಿದೆ.

ಆ ಮ್ಯಾಚಿನ ಕಥೆ ಓದುಗರಿಗೆ ಗೊತ್ತು. ಕೊನೆಯ ಮುಕ್ಕಾಲು ನಿಮಿಷವನ್ನಷ್ಟೇ ನಿಧಾನವಾಗಿ ನೋಡೋಣ. 41.9 ಸೆಕೆಂಡ್ ಉಳಿದಿದ್ದಾಗ ಜಾನ್ ಸ್ಟಾಕ್‌ಟನ್‌ನ ತ್ರೀ ಪಾಯಿಂಟರ್ ಬಿತ್ತು. ಯೂಟಾ 86, ಶಿಕಾಗೊ 83. ಐದು ಸೆಕೆಂಡಿನೊಳಗೆ ಜೋರ್ಡನ್ ನುಗ್ಗಿ ಲೇಅಪ್ ಹಾಕಿದ, 86–85. ಚೆಂಡು ಮತ್ತೆ ಯೂಟಾ ಕೈಗೆ ಬಂತು. ಎಡಬದಿಯ ಪೋಸ್ಟಿನಲ್ಲಿ ಕಾರ್ಲ್ ಮಲೋನ್‌ಗೆ ಪಾಸು ಹೋಯಿತು. ಅವನ ಬೆನ್ನಿಗಿದ್ದವನು ಡೆನಿಸ್ ರಾಡ್‌ಮನ್. ಜೋರ್ಡನ್ ಕಾಯಬೇಕಾಗಿದ್ದದ್ದು ಜೆಫ್ ಹಾರ್ನಸೆಕ್‌ನನ್ನು. ಹಾರ್ನಸೆಕ್ ಬೇಸ್‌ಲೈನ್ ಗುಂಟ ಆಚೆ ಬದಿಗೆ ಓಡಿದ, ಜೋರ್ಡನ್ ಅವನ ಬೆನ್ನು ಹತ್ತಲಿಲ್ಲ. ಹಿಂದಿನಿಂದ ಬಂದು ಮಲೋನ್ ಕೈಯ ಚೆಂಡನ್ನು ಹೊಡೆದು ಕಿತ್ತ. ಗಡಿಯಾರದಲ್ಲಿ ಉಳಿದದ್ದು 18.9 ಸೆಕೆಂಡ್.

ಮ್ಯಾಚಿನ ಉಸಿರು ನಿಜಕ್ಕೂ ಕಟ್ಟಿದ್ದು ಇಲ್ಲಿ. ತನ್ನ ಆಳನ್ನು ಬಿಟ್ಟು ಬಂದವನ ಕೈಗೆ ಚೆಂಡು ಸಿಗದೆ ಹೋಗಿದ್ದರೆ ಹಾರ್ನಸೆಕ್ ಒಂಟಿ; ಒಂದು ಪಾಸು ಸಾಕು, ಏಳನೇ ಪಂದ್ಯ ನಡೆಯುತ್ತಿತ್ತು. ಶಾಟ್ ತಪ್ಪಿದರೆ ರಿಬೌಂಡ್ ಎಂಬ ಆಸೆ ಉಳಿಯುತ್ತದೆ; ಈ ಜೂಜು ತಪ್ಪಿದ್ದರೆ ಆಸೆಗೆ ಜಾಗವೇ ಇರಲಿಲ್ಲ. ಆದರೂ ಗೋಡೆಯ ಪೋಸ್ಟರಿಗೆ ಏರಿದ್ದು ಶಾಟ್, ಕಳ್ಳತನವಲ್ಲ. ಬ್ಯಾಸ್ಕೆಟ್‌ಬಾಲನ್ನು ಚಿತ್ರಪಟವಾಗಿ ನೋಡುವವರಿಗೆ ಕೈ ಎತ್ತಿ ನಿಂತ ಮನುಷ್ಯ ಬೇಕು. ಬೆನ್ನ ಹಿಂದಿನಿಂದ ಬರುವ ಕೈ ಫೋಟೊಗೆ ಒಗ್ಗುವುದಿಲ್ಲ.

ಇನ್ನು ಶಾಟು. ಶಿಕಾಗೊ ಟೈಮ್‌ಔಟ್ ಕೇಳಲಿಲ್ಲ. ಜೋರ್ಡನ್ ತಾನೇ ಚೆಂಡು ತಂದ, ಬ್ರಯನ್ ರಸೆಲ್ ಎದುರು ನಿಂತ, ಬಲಕ್ಕೆ ನುಗ್ಗಿ ತಟ್ಟನೆ ತಡೆದ, ರಸೆಲ್ ಜಾರಿದ, ಚೆಂಡು ರಿಂಗಿನೊಳಗೆ. 5.2 ಸೆಕೆಂಡ್ ಉಳಿದಿತ್ತು, 87–86. ಎಡಗೈಯಲ್ಲಿ ತಳ್ಳಿದನೋ ಇಲ್ಲವೋ ಎಂಬ ಜಗಳ ಇನ್ನೂ ಆರಿಲ್ಲ. ನನ್ನ ಕಣ್ಣಿರುವುದು ಕೈಯ ಮೇಲಲ್ಲ, ಅವನ ಸುತ್ತ ಖಾಲಿ ಬಿದ್ದಿದ್ದ ಜಾಗದ ಮೇಲೆ. ಅಂದಿನ ಎನ್‌ಬಿಎ ನಿಯಮದಲ್ಲಿ ಜೋನ್ ಡಿಫೆನ್ಸ್ ನಿಷಿದ್ಧ. ಒಬ್ಬನ ಮೇಲೆ ಇಬ್ಬರು ಬೀಳುವುದಾದರೆ ಪೂರ್ತಿ ಬೀಳಬೇಕಿತ್ತು. ಇಂದಿನಂತೆ ಅರ್ಧ ದಾರಿಯಲ್ಲಿ ನಿಂತು ಅವನನ್ನೂ ಕಾಯುವುದು, ಇವನನ್ನೂ ಕಾಯುವುದು ಸಾಧ್ಯವಿರಲಿಲ್ಲ. ಆ ನಿಯಮ ಹೋದದ್ದು 2001ರಲ್ಲಿ. ‘ಈಗಿನವರಿಗೆ ಡಿಫೆನ್ಸ್ ಅಂದ್ರೇನು ಗೊತ್ತೇನಯ್ಯಾ’ ಎಂದು ಕಾಫಿ ಲೋಟ ಕುಕ್ಕುವ ಹಿರಿಯರು ಇದನ್ನು ಗಮನಿಸಬೇಕು: ಅವರ ಆರಾಧ್ಯ ಶಾಟಿಗೆ ಅಂಗಳ ಗುಡಿಸಿಕೊಟ್ಟದ್ದು ಅಂದಿನ ಡಿಫೆನ್ಸಿನ ಮೇಲಿದ್ದ ಕಟ್ಟುಪಾಡು. ಕೈ ಆನಿಸಿ ತಡೆಯುವುದನ್ನು 2004ರ ನಂತರ ಬಿಗಿಯಾಗಿ ಶಿಕ್ಷಿಸತೊಡಗಿದರು ಎಂಬ ಅವರ ದೂರು ನಿಜವೇ. ಆದರೆ ಒಂದು ಕೈ ಕಟ್ಟಿಸಿಕೊಂಡ ಲೆಕ್ಕ ಹೇಳುವವರು ಇನ್ನೊಂದು ಕೈ ಬಿಚ್ಚಿದ ಲೆಕ್ಕವನ್ನೂ ಹೇಳಬೇಕಲ್ಲ.

ಪಟ್ಟದ ಕೆಳಗೆ ಮುಚ್ಚಿಹೋದ ಇನ್ನೊಂದು ಸಂಗತಿಯಿದೆ. ಅದೇ ಮ್ಯಾಚಿನ ಎರಡನೇ ಕ್ವಾರ್ಟರ್‌ನಲ್ಲಿ ಯೂಟಾದ ಹೊವರ್ಡ್ ಐಸ್ಲಿ ಹಾಕಿದ ತ್ರೀ ಪಾಯಿಂಟರನ್ನು, ಶಾಟ್ ಕ್ಲಾಕ್ ಮುಗಿದಿತ್ತು ಎಂದು ರೆಫ್ರಿ ಅಳಿಸಿದರು. ಚೆಂಡು ಅವನ ಕೈ ಬಿಟ್ಟಾಗ ಸಮಯವಿತ್ತು. ನಾಲ್ಕನೇ ಕ್ವಾರ್ಟರ್‌ನಲ್ಲಿ ಶಿಕಾಗೊದ ರಾನ್ ಹಾರ್ಪರ್ ಸಮಯ ಮೀರಿ ಎಸೆದದ್ದನ್ನು ಎಣಿಸಿದರು. ಅಲ್ಲಿ ಮೂರು, ಇಲ್ಲಿ ಎರಡು. ಅಂತಿಮ ಅಂತರ ಒಂದು. ಅಂದು ವಿಡಿಯೊ ನೋಡಿ ತಿದ್ದುವ ಪದ್ಧತಿಯಿರಲಿಲ್ಲ. 2002ರಲ್ಲಿ ಸ್ಯಾಕ್ರಮೆಂಟೊ ವಿರುದ್ಧದ ನಾಲ್ಕನೇ ಪಂದ್ಯದಲ್ಲಿ, ಹಾಫ್ ಟೈಮಿನ ಗಂಟೆಯ ನಂತರ ಲೇಕರ್ಸ್‌ನ ಸಮಾಕಿ ವಾಕರ್ ಕೈಬಿಟ್ಟ ಚೆಂಡೂ ಲೆಕ್ಕಕ್ಕೆ ಬಂತು. ಕೊನೆಯಲ್ಲಿ ರಾಬರ್ಟ್ ಹೊರಿ ಹಾಕಿದ ತ್ರೀ ಪಾಯಿಂಟರಿನಿಂದ ಲೇಕರ್ಸ್ ಗೆದ್ದದ್ದು 100–99ರಿಂದ. ಮುಂದಿನ ಸೀಸನ್ನಿನಿಂದ ರೀಪ್ಲೇ ಬಂತು. ಈಗಿನ ರೆಫ್ರಿಗಳು ಪರದೆ ನೋಡುತ್ತ ಆಟದ ಬಿಸಿ ಆರಿಸುತ್ತಾರೆ ಎಂದು ಗೊಣಗುವವರು ನೆನೆಯುವ ಆ ಬಿಸಿಯಲ್ಲಿ ತಪ್ಪು ಲೆಕ್ಕದ ಸೌದೆಯೂ ಉರಿಯುತ್ತಿತ್ತು.

ಹಾಗೆಂದು ಜೋರ್ಡನ್ ಸಣ್ಣವನಾಗುವುದಿಲ್ಲ. ಬೆನ್ನುನೋವಿನಿಂದ ಪಿಪ್ಪೆನ್ ಅರ್ಧ ಮನುಷ್ಯನಾಗಿದ್ದ ರಾತ್ರಿ ತಂಡದ 87ರಲ್ಲಿ 45 ಅವನದು. ಅದಕ್ಕಾಗಿ ಎಸೆದದ್ದು 35 ಬಾರಿ, ರಿಂಗಿಗೆ ಬಿದ್ದದ್ದು 15. ತಪ್ಪಿದ ಆ 20 ಶಾಟುಗಳೇ ಮ್ಯಾಚನ್ನು ಬಿಗಿಗೊಳಿಸಿದವು ಎನ್ನುವುದು ನನ್ನ ವಾದ. ಅವನ್ನು ಕತ್ತರಿಸಿ ಎಸೆದು ಹದಿನೈದು ಸೆಕೆಂಡಿನ ತುಣುಕು ಉಳಿಸಿಕೊಂಡವರಿಗೆ ಬಿಗಿ ಸಿಕ್ಕಿಲ್ಲ, ಅದರ ಪ್ರಸಾದ ಮಾತ್ರ ಸಿಕ್ಕಿದೆ. ಅದೇ ಸರಣಿಯ ಮೂರನೇ ಪಂದ್ಯದಲ್ಲಿ ಶಿಕಾಗೊ 96, ಯೂಟಾ 54. ಆಗಿನ ಕಾಲವೆಂದರೆ ಇದೂ ಸೇರಿ ತಾನೇ? ಇದನ್ನು ಯಾರೂ ಸಾಕ್ಷಿಗೆ ಕರೆದದ್ದು ನಾನು ಕಾಣೆ.

ಈಗಿನ ಪಕ್ಷದವರೂ ಸಾಚಾ ಅಲ್ಲ. ಅವರ ಕೈಯಲ್ಲಿ ಮೊಬೈಲಿದೆ, ಮೊಬೈಲಿನಲ್ಲಿ ಗೆಲುವಿನ ಸಾಧ್ಯತೆಯ ಗ್ರಾಫ್ ಇದೆ. ಗೆರೆ ಎಷ್ಟು ಕಡಿದಾಗಿ ಏರಿತೋ ಮ್ಯಾಚು ಅಷ್ಟು ದೊಡ್ಡದು. 2025ರ ಫೈನಲ್ಸ್‌ನ ಮೊದಲ ಪಂದ್ಯ ಅವರ ಬ್ರಹ್ಮಾಸ್ತ್ರ: ಇಂಡಿಯಾನಾ ಕೊನೆಯ ಕ್ವಾರ್ಟರ್‌ನಲ್ಲಿ 15 ಪಾಯಿಂಟ್ ಹಿಂದಿತ್ತು, ಟೈರೀಸ್ ಹ್ಯಾಲಿಬರ್ಟನ್‌ನ ಶಾಟಿನಿಂದ 111–110 ಆದಾಗ ಉಳಿದದ್ದು 0.3 ಸೆಕೆಂಡ್, ಇಡೀ ಮ್ಯಾಚಿನಲ್ಲಿ ಅವರು ಮುಂದಿದ್ದದ್ದು ಅಷ್ಟೇ ಹೊತ್ತು. ಬೆರಗಿನ ಮಾತೇ ಸರಿ. ಆದರೆ ಬೆರಗು ಬೇರೆ, ಬಿಗಿ ಬೇರೆ. ಜೇಬುಗಳ್ಳತನದಲ್ಲಿ ಬೆರಗಿದೆ, ಬಿಗಿಯಿಲ್ಲ. ಕಳೆದುಕೊಂಡವನಿಗೆ ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಬಿಗಿ ಬೇಕಾದರೆ 2016ರ ಫೈನಲ್ಸ್‌ನ ಏಳನೇ ಪಂದ್ಯವನ್ನು ನೋಡಿ. ನಮಗದು ಸೋಮವಾರದ ಬೆಳಗು. ಮೊದಲ ಕುಕ್ಕರ್ ಕೂಗುವ ಹೊತ್ತಿಗೆ ಸ್ಕೋರು 89–89, ನಾಲ್ಕೂವರೆ ನಿಮಿಷಕ್ಕೂ ತುಸು ಹೆಚ್ಚು ಉಳಿದಿತ್ತು. ಅಲ್ಲಿಂದ 53 ಸೆಕೆಂಡ್ ಉಳಿಯುವವರೆಗೆ ಎರಡೂ ತಂಡಗಳು ಒಂದೇ ಒಂದು ಪಾಯಿಂಟ್ ಹಾಕಲಿಲ್ಲ. ತ್ರೀ ಪಾಯಿಂಟರ್‌ಗಳ ಮಳೆ ಸುರಿಸುತ್ತಾರೆಂದು ಹಳಬರು ಬಯ್ಯುವ ಅದೇ ಗೋಲ್ಡನ್ ಸ್ಟೇಟ್ ಬರಗಾಲದಲ್ಲಿ ನಿಂತಿತ್ತು. ಆ ಬರದ ನಡುವೆ ಲೆಬ್ರಾನ್ ಹಿಂದಿನಿಂದ ಓಡಿಬಂದು ಇಗ್ವಾಡಾಲನ ಲೇಅಪ್ ತಡೆದ. ಆಮೇಲೆ ಕೈರಿ ಅರ್ವಿಂಗ್‌ನ ತ್ರೀ ಬಿತ್ತು. ಇಲ್ಲೂ ಮ್ಯಾಚು ಹೊರಳಿದ್ದು ಬೆನ್ನ ಹಿಂದಿನ ಕೈಯಿಂದ. ಹದಿನೆಂಟು ವರ್ಷಗಳ ಅಂತರದ ಎರಡು ರಾತ್ರಿಗಳು ಒಂದೇ ಮಾತು ಹೇಳುತ್ತಿರುವಾಗ ಆಗಿನದು–ಈಗಿನದು ಎಂಬ ಎರಡು ಪಕ್ಷಗಳೇ ಏಕೆ ಬೇಕು?

ಎರಡೂ ಪಕ್ಷಗಳನ್ನು ಒಟ್ಟಿಗೆ ಕಟಕಟೆಗೆ ನಿಲ್ಲಿಸುವ ಸಾಕ್ಷಿಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. 2017ರ ಜುಲೈ 29, ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ, ಮಹಿಳೆಯರ ಏಷ್ಯಾ ಕಪ್ ಫೈನಲ್. ಮೊದಲ ಬಾರಿ ಏಷ್ಯಾದ ಕೂಟಕ್ಕೆ ಬಂದಿದ್ದ ಆಸ್ಟ್ರೇಲಿಯಾವನ್ನು ಜಪಾನ್ ಸೋಲಿಸಿದ್ದು 74–73ರಿಂದ. ಅದೇ ಕೂಟದ ಬಿ ವಿಭಾಗದ ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಕಜಕಿಸ್ತಾನವನ್ನು 75–73ರಿಂದ ಗೆದ್ದು ಮೇಲಿನ ವಿಭಾಗಕ್ಕೆ ಏರಿದರು. ಎರಡು ವರ್ಷದ ನಂತರ ಅದೇ ಕಂಠೀರವದಲ್ಲಿ ಜಪಾನ್ 71, ಚೀನಾ 68. ಜಪಾನಿಗೆ ಸತತ ನಾಲ್ಕನೇ ಕಪ್. ಟಾಮ್ ಹೊವಾಸ್ ತರಬೇತಿಯ ಆ ಕುಳ್ಳರ ತಂಡ ಓಟವನ್ನೂ ತ್ರೀ ಪಾಯಿಂಟರನ್ನೂ ನಂಬಿಕೊಂಡೇ ಟೋಕಿಯೊ ಒಲಿಂಪಿಕ್ಸ್‌ನ ಬೆಳ್ಳಿಯವರೆಗೆ ಹೋಯಿತು. ತ್ರೀ ಪಾಯಿಂಟರ್ ಆಟವನ್ನು ಕೆಡಿಸಿತೋ ಬೆಳೆಸಿತೋ ಎಂಬ ಪ್ರಶ್ನೆಗೆ ಉತ್ತರ ನಮ್ಮೂರಿಗೇ ಎರಡು ಸಲ ಬಂದು ಹೋಗಿತ್ತು.

ನಮ್ಮ ದರ್ಶಿನಿ ನ್ಯಾಯಾಲಯದಲ್ಲಿ ಈ 74–73 ಒಮ್ಮೆಯೂ ದಾಖಲಾಗಿಲ್ಲ. ಹೆಂಗಸರ ಆಟ ಎಂಬ ಉಪೇಕ್ಷೆ ಅರ್ಧ ಕಾರಣ. ಅದಕ್ಕೊಂದು ಸಾಕ್ಷ್ಯಚಿತ್ರವಾಗಲಿ ಗ್ರಾಫಾಗಲಿ ನಮ್ಮ ಕೈಗೆ ಬರಲಿಲ್ಲ ಎನ್ನುವುದು ಉಳಿದರ್ಧ. ಯಾರೋ ಆರಿಸಿ ಕತ್ತರಿಸಿ ಕೊಟ್ಟದ್ದನ್ನೇ ನೆನಪು ಎನ್ನುವವರು ನಾವು. ಕೂತು ಪೂರ್ತಿ ನೋಡಿದ ಒಂದು ಮ್ಯಾಚಿನ ಬಗ್ಗೆ ಮಾತಾಡುವುದು ಬಿಟ್ಟು ನೋಡದ ನೂರರ ಬಗ್ಗೆ ತೀರ್ಪು ಕೊಡುವುದು ಅಭಿಮಾನವಿರಬಹುದು, ವಿಮರ್ಶೆಯಲ್ಲ.

ಈ ತೀರ್ಪು ನನಗೂ ಅನ್ವಯಿಸುತ್ತದೆ. ಆ ಜುಲೈ 29 ಶನಿವಾರ. ವಿಜಯನಗರದಲ್ಲಿ ಹತ್ತಿದರೆ ಎಲ್ಲೂ ಬದಲಿಸದೆ ಕಬ್ಬನ್ ಪಾರ್ಕಿನಲ್ಲಿ ಇಳಿಸುವ ಮೆಟ್ರೊ ಆಗಲೇ ಓಡುತ್ತಿತ್ತು. ಅಲ್ಲಿಂದ ಕಂಠೀರವಕ್ಕೆ ನಡೆದೇ ಹೋಗಬಹುದು. ನಾನು ಹೋಗಲಿಲ್ಲ. ಸ್ಕೋರನ್ನು ಮರುದಿನದ ಪೇಪರಿನಲ್ಲಿ ಓದಿದೆ.