ಕಾಲುದಾರಿಯಲ್ಲಿ ಕಾಳಿಂಗ

ಜಗತ್ತಿನ ವಿಷದ ಹಾವುಗಳಲ್ಲೆಲ್ಲ ಉದ್ದನೆಯದು ಕಾಳಿಂಗ ಸರ್ಪ. ಪಶ್ಚಿಮಘಟ್ಟದ ಕಾಡಿನಲ್ಲಿ ಎದುರಾಗುವ ಬೆಳೆದ ಕಾಳಿಂಗ ಸಾಮಾನ್ಯವಾಗಿ ಹತ್ತರಿಂದ ಹದಿಮೂರು ಅಡಿ ಇರುತ್ತದೆ. ಗಂಡು ಹೆಣ್ಣಿಗಿಂತ ದೊಡ್ಡದು. 1930ರ ದಶಕದಲ್ಲಿ ಮಲಯಾದಲ್ಲಿ ಹಿಡಿದು ಲಂಡನ್ ಮೃಗಾಲಯದಲ್ಲಿ ಸಾಕಿದ್ದ ಒಂದು ಕಾಳಿಂಗ 5.71 ಮೀಟರ್, ಅಂದರೆ ಹದಿನೆಂಟು ಅಡಿಗೂ ಮಿಗಿಲಾಗಿ ಬೆಳೆದಿತ್ತು. ಇಂಗ್ಲಿಷಿನ ‘ಕಿಂಗ್ ಕೋಬ್ರಾ’ ಎಂಬ ಹೆಸರು ಕೇಳಿದವರು ಇದನ್ನು ನಾಗರಹಾವಿನ ಹಿರಿಯಣ್ಣ ಎಂದುಕೊಳ್ಳುತ್ತಾರೆ. ಅಣ್ಣನಲ್ಲ, ದೂರದ ದಾಯಾದಿ. ಸಿಕ್ಕರೆ ನಾಗರಹಾವನ್ನೇ ಹಿಡಿದು ನುಂಗುವ ದಾಯಾದಿ.

ವಿಜ್ಞಾನದ ಪುಸ್ತಕಕ್ಕೆ ಈ ಹಾವು ಸೇರಿದ್ದು 1836ರಲ್ಲಿ, ಥಿಯೊಡರ್ ಕ್ಯಾಂಟರ್ ಬಂಗಾಳದ ಹಾವನ್ನು ನೋಡಿ ವರ್ಣಿಸಿದಾಗ. ಅಲ್ಲಿಂದ ಮುಂದೆ ಬಹುಕಾಲ ಭಾರತದಿಂದ ಫಿಲಿಪೀನ್ಸ್‌ವರೆಗಿನ ಕಾಳಿಂಗಗಳೆಲ್ಲ ಒಂದೇ ಪ್ರಭೇದ ಎಂಬ ಲೆಕ್ಕ ನಡೆದುಕೊಂಡು ಬಂತು. ಪಿ. ಗೌರಿಶಂಕರ್ ಮತ್ತು ಸಂಗಡಿಗರು 2024ರಲ್ಲಿ ಅದನ್ನು ನಾಲ್ಕಾಗಿ ಬಿಡಿಸಿದರು. ಪಶ್ಚಿಮಘಟ್ಟದ್ದು ಬೇರೆಯೇ ಪ್ರಭೇದವಾಯಿತು. ಅದರ ಹೆಸರು ಒಫಿಯೊಫೇಗಸ್ ಕಾಳಿಂಗ. ಮೊದಲ ಪದಕ್ಕೆ ‘ಹಾವು ತಿನ್ನುವುದು’ ಎಂದರ್ಥ, ಎರಡನೆಯದು ಕನ್ನಡದಿಂದಲೇ ಎತ್ತಿಕೊಂಡದ್ದು. ಇದರಲ್ಲೊಂದು ತಮಾಷೆಯೂ ಇದೆ. ನಾಗರಹಾವಿನ ಹೆಡೆಯ ಹಿಂದಿರುವ ಕನ್ನಡಕದಂಥ ಗುರುತನ್ನು ಜನ ಕೃಷ್ಣನ ಪಾದದ ಗುರುತು ಎನ್ನುತ್ತಾರೆ. ಕೃಷ್ಣ ಕುಣಿದದ್ದು ಕಾಳಿಂಗನ ಹೆಡೆಯ ಮೇಲೆ; ಆದರೆ ಆ ಹೆಸರು ಹೊತ್ತ ಹಾವಿನ ಹೆಡೆಯಲ್ಲಿ ಆ ಗುರುತೇ ಇಲ್ಲ.

ಕಾಡಿನಲ್ಲಿ ‘ಕಾಳಿಂಗ ನೋಡಿದೆ’ ಎಂದವರು ಎಷ್ಟೋ ಸಲ ನೋಡಿರುವುದು ಕೇರೆಹಾವನ್ನು. ದೊಡ್ಡ ಕೇರೆ ಏಳೆಂಟು ಅಡಿ ಬೆಳೆಯುತ್ತದೆ, ವೇಗವಾಗಿ ಓಡುತ್ತದೆ, ಮೂಲೆಗೆ ಸಿಕ್ಕಿದರೆ ಕುತ್ತಿಗೆ ಉಬ್ಬಿಸಿ ಗುರುಗುಟ್ಟುತ್ತದೆ. ಗುರುತಿಸಲು ತುಟಿ ನೋಡಬೇಕು: ಕೇರೆಯ ತುಟಿಯ ಮೇಲೆ ಕಪ್ಪು ಗೆರೆಗಳು ಸಾಲಾಗಿ ಇರುತ್ತವೆ, ಕಣ್ಣು ಮುಖಕ್ಕೆ ಮೀರಿದ್ದು. ಕಾಳಿಂಗದ ತಲೆ ಅಗಲ, ಮೈ ಕಂದು ಅಥವಾ ಕಪ್ಪು, ಅಡ್ಡಕ್ಕೆ ಮಾಸಲು ಪಟ್ಟೆಗಳು. ನೆತ್ತಿಯ ಹಿಂಭಾಗದಲ್ಲಿ ಎರಡು ದೊಡ್ಡ ಹುರುಪೆಗಳಿರುವುದು ಇದರ ಖಚಿತ ಗುರುತು ಎಂದು ಪುಸ್ತಕಗಳು ಹೇಳುತ್ತವೆ. ಅದನ್ನು ಎಣಿಸುವಷ್ಟು ಹತ್ತಿರ ಹೋಗಬೇಕಾದ ಪ್ರಮೇಯ ಚಾರಣಿಗನಿಗೆ ಬರದಿರುವುದೇ ಲೇಸು.

ಕಾಳಿಂಗದ ವರ್ತನೆ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಆಗುಂಬೆಯ ಸುತ್ತ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗಂಡುಗಳು ಹೆಣ್ಣಿನ ವಾಸನೆಯ ಜಾಡು ಹಿಡಿದು ಹಗಲಿಡೀ ಅಲೆಯುತ್ತವೆ. ತೋಟ, ಗದ್ದೆ, ಕೊಟ್ಟಿಗೆ ಯಾವುದೂ ಅಡ್ಡಿಯಲ್ಲ. ಒಂದೇ ಹೆಣ್ಣಿಗೆ ಎರಡು ಗಂಡು ಕೂಡಿದರೆ ಕುಸ್ತಿ. ಮೈಗೆ ಮೈ ಹೆಣೆದು ಮೇಲೇಳುತ್ತ ಎದುರಾಳಿಯ ತಲೆಯನ್ನು ನೆಲಕ್ಕೊತ್ತುವುದು ಅದರ ಕ್ರಮ, ಕಚ್ಚಾಟವಿಲ್ಲ. ಇದನ್ನು ನೋಡಿದವರು ಮಿಲನ ಎಂದು ತಪ್ಪು ತಿಳಿಯುವುದೇ ಹೆಚ್ಚು. ಈ ಹೊತ್ತಿನಲ್ಲಿ ಹಾವಿಗೆ ಮನುಷ್ಯರ ಪರಿವೆ ಕಡಿಮೆ.

ಬೇಸಿಗೆಯ ಕೊನೆಗೆ ಹೆಣ್ಣು ಗೂಡು ಕಟ್ಟುತ್ತದೆ. ಹಾವುಗಳಲ್ಲಿ ಹೀಗೆ ಎಲೆ ಒಟ್ಟಿ ಗೂಡು ಮಾಡುವುದು ಕಾಳಿಂಗವೊಂದೇ. ಕೈಕಾಲಿಲ್ಲದ ಜೀವ ತನ್ನ ಮೈಯನ್ನೇ ಕೊಕ್ಕೆಯಾಗಿ ಬಾಗಿಸಿ, ಸುತ್ತಲಿನ ತರಗೆಲೆ, ಬಿದಿರಿನ ಎಲೆಗಳನ್ನು ಎಳೆದೆಳೆದು ಗುಡ್ಡೆ ಹಾಕುತ್ತದೆ. ಗುಡ್ಡೆಯೊಳಗೆ ಇಪ್ಪತ್ತರಿಂದ ನಲವತ್ತು ಮೊಟ್ಟೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ಆ ಎಲೆಯ ಸೂರಿನ ಕೆಳಗೇ ಮೊಟ್ಟೆಗಳು ಎರಡೂವರೆ ಮೂರು ತಿಂಗಳು ಕಾವು ಪಡೆಯುತ್ತವೆ. ತಾಯಿ ಗೂಡಿನ ಮೇಲೆ ಕೂತು ಕಾಯುತ್ತದೆ, ಮರಿ ಹೊರಬರುವ ಮುನ್ನ ಸಾಮಾನ್ಯವಾಗಿ ಹೊರಟುಹೋಗುತ್ತದೆ. ಮೇ, ಜೂನ್‌ನಲ್ಲಿ ಬಿದಿರುಮೆಳೆಯ ಬುಡದಲ್ಲಿ ಯಾರೋ ಗುಡಿಸಿಟ್ಟಂತೆ ಮೊಣಕಾಲೆತ್ತರದ ತರಗೆಲೆ ರಾಶಿ ಕಂಡರೆ ದಾರಿ ಬಿಟ್ಟು ಸುತ್ತು ಹಾಕಬೇಕು. ಬೇರೆ ಕಾಲದಲ್ಲಿ ಸರಿದುಹೋಗುವ ಹಾವು ಆಗ ಸರಿಯದಿರಬಹುದು.

ಎದುರಾಗುವುದು ಹೆಚ್ಚಾಗಿ ಹಳ್ಳದ ದಂಡೆಯಲ್ಲೋ ಕಾಲುದಾರಿಯ ತಿರುವಿನಲ್ಲೋ. ಉಂಬಳ ಕಿತ್ತೆಸೆಯಲು ಬಗ್ಗಿದವರ ಕಿವಿಗೆ ಮೊದಲು ಬೀಳುವುದು ತರಗೆಲೆಯ ಸದ್ದು. ಓತಿಕ್ಯಾತ ಓಡಿದಂತೆ ತುಂಡುತುಂಡಾಗಿ ಅಲ್ಲ, ಗೋಣಿಚೀಲ ಎಳೆದಂತೆ ಒಂದೇ ಸಮ. ತಲೆ ದಾರಿಯ ಆಚೆಯ ಪೊದೆ ಹೊಕ್ಕಿದ್ದರೂ ಬಾಲ ಇನ್ನೂ ಈಚೆಯ ಪೊದೆಯಿಂದ ಹೊರಬಂದಿರುವುದಿಲ್ಲ. ಅಲ್ಲಾಡದೆ ನಿಂತವರ ಪಾಲಿಗೆ ಹತ್ತರಲ್ಲಿ ಒಂಬತ್ತು ಭೇಟಿ ಅಷ್ಟಕ್ಕೇ ಮುಗಿಯುತ್ತದೆ.

ಹತ್ತನೆಯದರಲ್ಲಿ ಹಾವು ನಿಲ್ಲುತ್ತದೆ. ಮೈಯ ಮೂರರಲ್ಲೊಂದು ಪಾಲು ನೆಲ ಬಿಟ್ಟು ಏಳುತ್ತದೆ. ಹನ್ನೆರಡು ಅಡಿಯ ಹಾವಾದರೆ ತಲೆ ನಾಲ್ಕಡಿ ಎತ್ತರಕ್ಕೆ, ಆಳಿನ ಎದೆಮಟ್ಟಕ್ಕೆ ಬರುತ್ತದೆ. ನಾಗರಹಾವಿನದರಂತೆ ಅಗಲವಾದ ಹೆಡೆಯಲ್ಲ, ಕಿರಿದಾಗಿ ಉದ್ದವಾಗಿ ಚಾಚಿದ್ದು. ಗಂಟಲಿನ ಭಾಗ ಮಾಸಲು ಹಳದಿ. ಹೊರಡುವ ಸದ್ದು ಬುಸುಗುಟ್ಟುವಿಕೆಗಿಂತ ನಾಯಿಯ ಗುರುಗುಟ್ಟುವಿಕೆಗೆ ಹತ್ತಿರ. ಶ್ವಾಸನಾಳಕ್ಕೆ ಅಂಟಿಕೊಂಡ ಚಿಕ್ಕಚಿಕ್ಕ ಗಾಳಿಚೀಲಗಳು ದನಿಯನ್ನು ಹೀಗೆ ತಗ್ಗಿಸುತ್ತವೆ. ಕೇರೆಯ ಗಂಟಲಿನಲ್ಲೂ ಇಂಥವೇ ಚೀಲಗಳಿವೆ; ಜನ ಎರಡನ್ನೂ ಒಂದೆಂದು ತಿಳಿಯುವುದಕ್ಕೆ ಕಾರಣ ಬರೀ ಬಣ್ಣವಲ್ಲ. ಈ ಆಟೋಪವೆಲ್ಲ ದಾಳಿಯ ಪೀಠಿಕೆ ಎಂದು ಸಿನಿಮಾಗಳು ಕಲಿಸಿವೆ. ನಿಜದಲ್ಲಿ ಇದು ದಾರಿ ಬಿಡಿಸಿಕೊಳ್ಳುವ ಉಪಾಯ. ಬೇಟೆಗೆ ಉಪಯೋಗವಿಲ್ಲದ ಮನುಷ್ಯನ ಮೇಲೆ ವಿಷ ಖರ್ಚು ಮಾಡುವುದು ಹಾವಿಗೆ ನಷ್ಟದ ಬಾಬತ್ತು.

ಆಗ ಮಾಡಬೇಕಾದ್ದು ಕೆಲವೇ. ತಿರುಗಿ ಓಡಬಾರದು; ಬೇರು, ಜಾರುಕಲ್ಲುಗಳ ದಾರಿಯಲ್ಲಿ ಓಡಿದವರು ಬೀಳುತ್ತಾರೆ. ಮುಖ ಹಾವಿನತ್ತಲೇ ಇರಲಿ, ಹೆಜ್ಜೆ ಮೆಲ್ಲಗೆ ಹಿಂದಕ್ಕೆ. ಹಾವಿನ ಉದ್ದಕ್ಕಿಂತ ಹೆಚ್ಚು ಅಂತರ ಸಿಕ್ಕಿದ ಮೇಲೆ ನಿಂತು ನೋಡಬಹುದು. ಕಾಳಿಂಗದ ಕಣ್ಣು ಚುರುಕು. ಕೋಲು ಬೀಸಿದರೂ ಮೊಬೈಲ್ ಹಿಡಿದ ಕೈ ಮುಂದೆ ಚಾಚಿದರೂ ಅದು ಗಮನಿಸುತ್ತದೆ. ತಂಡದಲ್ಲಿ ನಡೆಯುವಾಗ ಹಿಂದಿನವರು ‘ಎಲ್ಲಿ, ಎಲ್ಲಿ’ ಎಂದು ಮುನ್ನುಗ್ಗಿ ಮುಂದಿನವನ ಹಿಮ್ಮೆಟ್ಟುವ ದಾರಿ ಮುಚ್ಚುವುದುಂಟು. ಹಾವಿಗಿಂತ ಇದು ಹೆಚ್ಚು ಅಪಾಯದ್ದು.

ಮನೆಯ ಸೌದೆ ಕೊಟ್ಟಿಗೆಗೋ ಬಚ್ಚಲಿಗೋ ಕಾಳಿಂಗ ಬಂದರೆ ಅದು ಬಂದಿರುವುದು ಸಾಮಾನ್ಯವಾಗಿ ಕೇರೆಯ ಬೆನ್ನು ಹತ್ತಿ. ಊಟ ಮುಗಿದರೆ ಹೋಗುತ್ತದೆ. ಹಿಡಿಸಿ ದೂರದ ಕಾಡಿಗೆ ಬಿಡುವುದನ್ನೇ ಉಪಕಾರ ಎಂದು ಬಗೆಯುವುದು ವಾಡಿಕೆ. ರೊಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರದವರು ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ಹಿಂಬಾಲಿಸಿದಾಗ ಕಂಡದ್ದು ಬೇರೆ: ಗುರುತಿಲ್ಲದ ಜಾಗಕ್ಕೆ ಒಯ್ದು ಬಿಟ್ಟ ಹಾವು ನೆಲೆ ನಿಲ್ಲದೆ ದಿಕ್ಕುಗೆಟ್ಟಂತೆ ದೂರದೂರ ಅಲೆಯಿತು.

ಕಾಳಿಂಗ ಕಚ್ಚುವುದು ವಿರಳ. ಕಚ್ಚಿಸಿಕೊಂಡವರಲ್ಲಿ ಅದನ್ನು ಹಿಡಿಯಲು ಹೋದವರೂ ಇದ್ದಾರೆ. ಆದರೆ ಕಚ್ಚಿದರೆ ಒಳಗಿಳಿಯುವ ವಿಷದ ಪ್ರಮಾಣ ಬಹಳ. ಅದು ನರಗಳ ಸಂದೇಶವನ್ನು ತಡೆಯುತ್ತದೆ. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಭಾರತದಲ್ಲಿ ಸಿಗುವ ಸಾಮಾನ್ಯ ಪ್ರತಿವಿಷವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ ತಯಾರಿಸುತ್ತಾರೆ. ಕಾಳಿಂಗ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಇಲ್ಲಿ ಜೀವ ಉಳಿಸುವುದು ಮುಖ್ಯವಾಗಿ ವೆಂಟಿಲೇಟರ್. ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗದಂತೆ ಇಟ್ಟು, ನಡೆಸದೆ ಹೊತ್ತುಕೊಂಡು ವೆಂಟಿಲೇಟರ್ ಇರುವ ಆಸ್ಪತ್ರೆ ಸೇರಿಸಬೇಕು. ದಾರಿಯಲ್ಲಿ ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಕೊಡುವ ಉಸಿರೇ ಗತಿ. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಅಧಿಸೂಚಿತ ಕಾಯಿಲೆಯಾಗಿ ಘೋಷಿಸಿದೆ. ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಬೇಕು.

ಅದೇ ಕಾಡಿನಲ್ಲಿ, ಅದೇ ತರಗೆಲೆಯ ಬಣ್ಣದಲ್ಲಿ, ಮೂತಿ ಮೇಲೆತ್ತಿದ ಒಂದೂವರೆ ಅಡಿಯ ಗುಳಿಮಂಡಲವೂ ಸುರುಳಿ ಸುತ್ತಿ ಕೂತಿರುತ್ತದೆ. ಅದರ ವಿಷಕ್ಕೂ ಆ ಪ್ರತಿವಿಷ ನಾಟುವುದಿಲ್ಲ. ಅದು ಎದ್ದು ನಿಲ್ಲುವುದಿಲ್ಲ, ಗುರುಗುಟ್ಟುವುದಿಲ್ಲ. ಮಳೆಗಾಲದಲ್ಲಿ ಗಂಬೂಟು ಬೇಕಾಗುವುದು ಕಾಳಿಂಗಕ್ಕಿಂತ ಹೆಚ್ಚಾಗಿ ಇದರ ಸಲುವಾಗಿ.