ಕರ್ನಲ್ ಮೇಲೆ ಹೊರಿಸುವ ತಪ್ಪು

ಕರ್ನಲ್ ಅಪ್‌ಡೇಟ್ ಮುಗಿಸಿ ಸರ್ವರ್ ರೀಬೂಟ್ ಮಾಡಿದಾಗ ಡೇಟಾಬೇಸ್ ಮೇಲೇಳದಿದ್ದರೆ ನಮ್ಮಲ್ಲಿ ಹೆಚ್ಚಿನವರು ಹೊಸ ಕರ್ನಲ್ಲೇ ಕೆಟ್ಟದ್ದೆಂದು ತೀರ್ಪು ಕೊಟ್ಟುಬಿಡುತ್ತೇವೆ. ಆಮೇಲೆ ಕೈಗೆ ಸಿಕ್ಕ ಮದ್ದೆಲ್ಲ ಹೊರಬರುತ್ತದೆ: ಫೋಲ್ಡರಿಗೆ 777 ಅನುಮತಿ, ಎಸ್‌ಇಲಿನಕ್ಸ್ ಬಂದ್, ಗೊತ್ತಿಲ್ಲದ ಫೈಲುಗಳು ಡಿಲೀಟ್. ಈ ರೂಢಿ ಬರೀ ಅವಸರದ್ದಲ್ಲ, ಅಪಾಯದ್ದು.

ಅಂಥ ರಾತ್ರಿ ನಡೆದಿರುವುದು ಎರಡು ಸಂಗತಿ. ಕರ್ನಲ್ ಬದಲಾಗಿದೆ. ಜೊತೆಗೆ, ಎಷ್ಟೋ ತಿಂಗಳ ಮೇಲೆ ಯಂತ್ರ ಮೊದಲ ಸಲ ಆರಿ ಹೊತ್ತಿಕೊಂಡಿದೆ. ಈ ಎರಡನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಹ್ಯೂಜ್ ಪೇಜ್ ಕಡ್ಡಾಯವೆಂದು ಬರೆದು, ಆ ಪುಟಗಳನ್ನು ಮಾತ್ರ ಕಾನ್ಫಿಗ್ ಫೈಲಿಗೆ ಸೇರಿಸದೆ ಆ ಹೊತ್ತಿನ ಕಮಾಂಡ್‌ನಿಂದ ಮೀಸಲಿಟ್ಟಿದ್ದರೆ, ರೀಬೂಟ್ ಆದೊಡನೆ ಮೀಸಲು ಅಳಿಸಿಹೋಗುತ್ತದೆ, ಸರ್ವರ್ ಏಳಲು ನಿರಾಕರಿಸುತ್ತದೆ. ಹಳೆಯ ಕರ್ನಲ್‌ನಲ್ಲಿ ರೀಬೂಟ್ ಮಾಡಿದ್ದರೂ ಇದೇ ಆಗುತ್ತಿತ್ತು. ಲಾಗ್ ತೆರೆದರೆ ಮೆಮೊರಿ, ಸ್ವಾಪ್ ಅಥವಾ ಹ್ಯೂಜ್ ಪೇಜ್ ಸಾಲದೆಂದು ಪೋಸ್ಟ್‌ಗ್ರೆಸ್ ತಾನೇ ಹೇಳಿರುತ್ತದೆ. ಓದುವವರಿಲ್ಲ, ಅಷ್ಟೆ.

ಕರ್ನಲ್ ಸದಾ ನಿರಪರಾಧಿ ಎಂದು ನಾನು ವಾದಿಸುತ್ತಿಲ್ಲ. ಲಿನಕ್ಸ್ 5.11ರಿಂದ 5.15ರ ಸಾಲಿನ ಕರ್ನಲ್‌ಗಳಲ್ಲಿದ್ದ ಐಒ-ಯೂರಿಂಗ್ ದೋಷದಿಂದ ಮರಿಯಾಡಿಬಿ 10.6 ನಿಂತಲ್ಲೇ ನಿಂತುಬಿಡುತ್ತಿದ್ದುದು ನಿಜ. ಆದರೆ ಆರೋಪ ಹೊರಿಸುವ ಮೊದಲು ಪರೀಕ್ಷೆ ಬೇಕಲ್ಲವೆ? ಅದಕ್ಕೆ ಐದು ನಿಮಿಷ ಸಾಕು: ಗ್ರಬ್ ಮೆನುವಿನಲ್ಲಿ ಹಿಂದಿನ ಕರ್ನಲ್ ಆರಿಸಿ ಬೂಟ್ ಮಾಡುವುದು. ಅಲ್ಲಿಯೂ ಡೇಟಾಬೇಸ್ ಅದೇ ದೂರು ಹೇಳಿ ನಿಂತರೆ ಹುಡುಕಬೇಕಾದ ಜಾಗವೇ ಬೇರೆ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಕೊನೆಯ ಅಸ್ತ್ರಗಳನ್ನು ಮೊದಲೇ ಎತ್ತಿಕೊಳ್ಳುವ ಅಭ್ಯಾಸ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಗೆ ಬಲವಂತದ ಚೇತರಿಕೆಯ ಆರು ಹಂತಗಳಿವೆ. ನಾಲ್ಕು ಮತ್ತು ಅದಕ್ಕೂ ಮೇಲಿನವು ಡೇಟಾ ಫೈಲುಗಳನ್ನು ಶಾಶ್ವತವಾಗಿ ಕೆಡಿಸಬಲ್ಲವೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಆದರೂ ನೇರವಾಗಿ ಆರಕ್ಕೆ ಹೋಗುವವರಿದ್ದಾರೆ. ಪೋಸ್ಟ್‌ಗ್ರೆಸ್‌ನ ‘ಪಿಜಿ-ಎಕ್ಸ್‌ಲಾಗ್’ ಫೋಲ್ಡರಿನ ಕತೆ ಇನ್ನೂ ಕರುಣಾಜನಕ. ಹೆಸರಿನಲ್ಲಿ ‘ಲಾಗ್’ ಕಂಡು, ಬೇಡದ ಕಸವೆಂದು ಅಳಿಸಿ ಡೇಟಾಬೇಸನ್ನೇ ಕಳೆದುಕೊಂಡವರು ಎಷ್ಟಿದ್ದರೆಂದರೆ, 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಆ ಫೋಲ್ಡರಿನ ಹೆಸರನ್ನೇ ‘ಪಿಜಿ-ವಾಲ್’ ಎಂದು ಬದಲಿಸಬೇಕಾಯಿತು. ಒಂದು ತಂತ್ರಾಂಶ ತನ್ನನ್ನು ನೋಡಿಕೊಳ್ಳುವವರ ಕೈಯಿಂದಲೇ ತನ್ನನ್ನು ಕಾಪಾಡಿಕೊಳ್ಳಬೇಕಾಗಿ ಬಂದದ್ದು ನಮ್ಮ ವೃತ್ತಿಗೆ ಹೆಮ್ಮೆಯ ವಿಷಯವಲ್ಲ.

ಏಳದ ಡೇಟಾಬೇಸ್‌ನಲ್ಲಿ ಡೇಟಾ ಬಹುಪಾಲು ಸುರಕ್ಷಿತವಾಗಿಯೇ ಇರುತ್ತದೆ. ಅದನ್ನು ಹಾಳು ಮಾಡುವುದು ಅನಂತರದ ಅರ್ಧ ಗಂಟೆ. ಹಾಗಾಗಿ ಏನನ್ನೂ ಮುಟ್ಟುವ ಮೊದಲು ಡೇಟಾ ಫೋಲ್ಡರಿನ ನಕಲು ತೆಗೆದಿಡಿ, ಲಾಗ್‌ನ ಕೊನೆಯ ಇಪ್ಪತ್ತು ಸಾಲು ಓದಿ. ಮುಂದಿನ ಅಪ್‌ಡೇಟ್ ದಿನ, ಹೊಸ ಕರ್ನಲ್ ಹಾಕುವುದಕ್ಕೂ ಮುನ್ನ, ಹಳೆಯದರಲ್ಲೇ ಒಮ್ಮೆ ರೀಬೂಟ್ ಮಾಡಿ ನೋಡಿ.