ಕಂಪ್ಲಿಯ ಹುಲ್ಲಿಗೆ ಒಪ್ಪುವ ಬೆಳೆ

ಕಂಪ್ಲಿ ಸೀಮೆಯಲ್ಲಿ ಭತ್ತದ ಕೊಯ್ಲು ಮುಗಿದರೆ ಹುಲ್ಲಿಗೆ ಬರವಿಲ್ಲ. ಆ ಹುಲ್ಲನ್ನೇ ಉಂಡು ಬೆಳೆಯುವ ಚಿಪ್ಪು ಅಣಬೆ ನನ್ನ ಮಟ್ಟಿಗೆ ತುಂಗಭದ್ರೆಯ ಬಯಲಿಗೆ ಹೇಳಿ ಮಾಡಿಸಿದ ಬೆಳೆ. ಇದರ ಬೀಜ ತಯಾರಾಗುವುದೂ ನಮ್ಮ ಜೋಳದ ಮೇಲೆಯೇ. ಬೇಯಿಸಿದ ಕಾಳಿನ ಸುತ್ತ ಬಿಳಿ ಎಳೆಗಳು ಹತ್ತಿಯಂತೆ ಹಬ್ಬಿರುತ್ತವೆ. ಹುಲ್ಲನ್ನು ಕತ್ತರಿಸಿ, ರಾತ್ರಿಯಿಡೀ ನೆನೆಸಿ, ಬಿಸಿನೀರಿನಲ್ಲಿ ಹದಗೊಳಿಸಿ, ಚೀಲದಲ್ಲಿ ಪದರ ಪದರವಾಗಿ ಈ ಬೀಜ ಉದುರಿಸಿ ಕತ್ತಲೆ ಕೋಣೆಯಲ್ಲಿಟ್ಟರೆ ಎರಡು ಮೂರು ವಾರಕ್ಕೆ ಹುಲ್ಲೆಲ್ಲ ಬೆಳ್ಳಗೆ ಬಿಗಿದುಕೊಳ್ಳುತ್ತದೆ. ಆಮೇಲೆ ಗಾಳಿ, ತುಸು ಬೆಳಕು, ಸದಾ ತೇವ ಬೇಕು. ಹೊಸಪೇಟೆಯ ಬೇಸಿಗೆ ಇದಕ್ಕೆ ಕಠಿಣವೇ; ಆದರೂ ಗುಲಾಬಿ ಬಣ್ಣದ ತಳಿ ಸೆಕೆಯನ್ನು ಚೆನ್ನಾಗಿ ತಾಳುತ್ತದೆ.

ಅಣಬೆಯ ಅಂಚು ಮೇಲಕ್ಕೆ ಮಡಚಿಕೊಳ್ಳುವ ಮುನ್ನ ಕೀಳಬೇಕು. ಬೇಯಿಸುವಾಗ ಬಾಣಲೆಗೆ ನೀರು ಹಾಕಲೇಬಾರದು, ಅಣಬೆ ತಾನೇ ನೀರು ಬಿಡುತ್ತದೆ. ಅದು ಇಂಗುವವರೆಗೆ ಬಾಡಿಸಿ, ಬೆಳ್ಳುಳ್ಳಿ, ಕೆಂಪು ಖಾರ ಸೇರಿಸಿದರೆ ಜೋಳದ ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಪಲ್ಯ ನಾನು ಕಾಣೆ.

ಚಿಪ್ಪು ಅಣಬೆಯಲ್ಲಿ ಪ್ರೋಟೀನ್ ಇದೆ, ಬೀಟಾ ಗ್ಲೂಕನ್‌ನಂಥ ನಾರೂ ಇದೆ. ಬಿಸಿಲಿಗೆ ಹರವಿದರೆ ಡಿ ಜೀವಸತ್ವ ಹೆಚ್ಚುತ್ತದೆ. ಕೊಲೆಸ್ಟರಾಲ್ ತಗ್ಗಿಸುವ ಲೊವಾಸ್ಟಾಟಿನ್ ಕೂಡ ಇದರಲ್ಲಿ ಸಿಕ್ಕಿದೆ. ಹಾಗೆಂದು ಮಾತ್ರೆ ಬಿಟ್ಟು ಇದನ್ನೇ ನೆಚ್ಚಬಾರದು. ಸಂಡೂರಿನ ಗುಡ್ಡಗಳಲ್ಲಿ ಮಳೆಗೆ ಏಳುವ ಅಣಬೆಗಳನ್ನಂತೂ ಬಲ್ಲವರಿಗೆ ತೋರಿಸದೆ ಒಲೆಗೇರಿಸಬೇಡಿ, ವಿಷದವೂ ಇರುತ್ತವೆ.

ಬೆಳೆ ಮುಗಿದ ಹುಲ್ಲು ಎರೆಗೊಬ್ಬರದ ಗುಂಡಿಗೆ ಹೋಗುತ್ತದೆ.